ಇಪ್ಪತ್ತಮೂರು ಸಾಲು ತಿದ್ದಿಸಿದ ಚಲುವಯ್ಯನವರು

ಚಲುವಯ್ಯನವರ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಹೆದರಿಕೆಯ ಬಗ್ಗೆಯೇ ಬರೆಯಬೇಕಾಗುತ್ತದೆ. ಅವರ ಪರಿಚಯವಾದದ್ದೇ ಆ ಹೆದರಿಕೆಯಿಂದ.

ನನ್ನ ಮಗ ಅಪ್ಪುವಿಗೆ ಎಂಟು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಜ್ವರ ಏರಿ ಕೈಕಾಲು ಸೆಟೆದುಕೊಂಡ. ಕಣ್ಣುಗುಡ್ಡೆ ಮೇಲೆ ಹೋಯಿತು. ಎರಡು ನಿಮಿಷವೋ ಮೂರು ನಿಮಿಷವೋ, ನನಗೆ ತಿಳಿಯಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಮಕ್ಕಳ ಡಾಕ್ಟರು ಸಮಾಧಾನವಾಗಿ ಹೇಳಿದರು: ಇದು ಜ್ವರದ ಸೆಳವು, ಬಹಳ ಮಕ್ಕಳಿಗೆ ಬರುತ್ತದೆ, ಐದು ವರ್ಷದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ, ಆದರೆ ಜ್ವರ ನೂರು ದಾಟಿದ ಕೂಡಲೇ ನನಗೆ ಫೋನು ಮಾಡಿ, ಏನು ಮಾಡಬೇಕೆಂದು ಹೇಳುತ್ತೇನೆ. ಇದರಲ್ಲಿ ‘ಬಹಳ ಮಕ್ಕಳಿಗೆ ಬರುತ್ತದೆ’ ಎಂಬುದನ್ನು ನಮ್ಮ ಯಜಮಾನರು ಕೇಳಿಸಿಕೊಂಡರು. ನಾನು ‘ಕೂಡಲೇ ಫೋನು’ ಎಂಬುದನ್ನು ಮಾತ್ರ ಕೇಳಿಸಿಕೊಂಡೆ.

ನಾನು ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಓದಿ ಬೆಳೆದವಳು. ಅಲ್ಲಿ ಬೀದಿಗೊಬ್ಬ ಡಾಕ್ಟರು. ಮದುವೆಯಾಗಿ ಬಂದದ್ದು ಕೆ.ಆರ್. ಪೇಟೆ ತಾಲ್ಲೂಕಿನ ಈ ಊರಿಗೆ, ಕಿಕ್ಕೇರಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಊರಿನ ಆಸ್ಪತ್ರೆಗೆ ಡಾಕ್ಟರು ಬರುತ್ತಿದ್ದದ್ದು ವಾರಕ್ಕೆ ಮೂರು ದಿನ. ಯಜಮಾನರು ನಾಗರಾಜು ಶ್ರೀರಂಗಪಟ್ಟಣದಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ತಿರುಗಿ ಬರುವುದು ದೀಪ ಹಚ್ಚಿದ ಮೇಲೆ. ಹಗಲೆಲ್ಲ ಮನೆಯಲ್ಲಿ ನಾನು, ಅಪ್ಪು, ಅತ್ತೆ ಚಿಕ್ಕಬೋರಮ್ಮ. ಮತ್ತೆ ಹಜಾರದ ಕಿಟಕಿಯ ಪಕ್ಕ ಒಂದು ಫೋನು. ಮಾವ ತಮ್ಮಯ್ಯನವರು ತೀರಿಕೊಂಡು ಎರಡು ವರ್ಷವಾಗಿದ್ದರೂ ಫೋನು ಅವರ ಹೆಸರಿನಲ್ಲೇ ಇತ್ತು. ನಂಬರು ೨೩೪೪.

ಆ ಫೋನನ್ನು ದಿನಕ್ಕೆ ಎಷ್ಟು ಸಲ ಎತ್ತಿ ಕಿವಿಗಿಡುತ್ತಿದ್ದೆನೋ. ಯಾರಿಗೂ ಮಾಡುವುದಕ್ಕಲ್ಲ, ಸದ್ದು ಇದೆಯೇ ಎಂದು ತಿಳಿಯುವುದಕ್ಕೆ. ಒಲೆಯ ಮೇಲೆ ಹಾಲಿಟ್ಟು ಬಂದು ಎತ್ತುತ್ತಿದ್ದೆ. ಅಪ್ಪುವನ್ನು ತೊಟ್ಟಿಲಿಗೆ ಹಾಕಿ ಎತ್ತುತ್ತಿದ್ದೆ. ಅತ್ತೆ ಒಂದು ದಿನ ಮೊರದಲ್ಲಿ ರಾಗಿ ಕೇರುತ್ತಾ, “ಜರ ಬಂದಿರದು ಮಗೀಗೋ ಫೋನ್ಗೋ ಅಂತ ಒಸಿ ಏಳವ್ವ. ಯಾರುನ್ನ ನೋಡ್ಕಬೇಕು ಅಂತ ಗೊತ್ತಾಯ್ತದೆ” ಎಂದರು.

ಒಂದು ಮಳೆಗಾಲದ ಬೆಳಿಗ್ಗೆ ಸದ್ದು ಇರಲಿಲ್ಲ. ಅಪ್ಪು ಆರೋಗ್ಯವಾಗಿಯೇ ಇದ್ದ. ಆದರೂ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಎಕ್ಸ್‌ಚೇಂಜಿಗೆ ಓಡಿದೆ. ಬಾಗಿಲಲ್ಲಿ ಕುಳಿತು ತಂತಿಯ ತುದಿ ಸುಲಿಯುತ್ತಿದ್ದ ವಯಸ್ಸಾದವರೊಬ್ಬರು ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ, ೨೩೪೪ರ ಅವ್ವಾರಲ್ಲವೇ, ಬೆಳಿಗ್ಗೆಯಿಂದ ನಿಮ್ಮ ಫೋನು ಎತ್ತಿದ್ದು ಕಾಣಲಿಲ್ಲ, ನಾನೇ ಹೊರಟಿದ್ದೆ ಎಂದರು. ನಾನು ಎತ್ತುವುದೆಲ್ಲ ಅಲ್ಲಿ ಗೊತ್ತಾಗುತ್ತದೆಂದು ತಿಳಿದು ನಾಚಿಕೆಯಾಯಿತು. ಅವರು ಅದಕ್ಕೆ ನಗಲಿಲ್ಲ. ಏಣಿ ಹೆಗಲಿಗೇರಿಸಿ ನನ್ನ ಹಿಂದೆಯೇ ಬಂದರು. ಅವರೇ ಲೈನ್‌ಮನ್ ಚಲುವಯ್ಯನವರು.

ಅವರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವರು. ಅಪ್ಪ ಅವ್ವ ಬೇರೆಯವರ ಗದ್ದೆಯಲ್ಲಿ ಕಬ್ಬು ಕಡಿದವರು. ಇವರು ಅರವತ್ಮೂರನೇ ಇಸವಿಯಲ್ಲಿ ಟೆಲಿಫೋನ್ ಕಂಬಕ್ಕೆ ಗುಂಡಿ ತೋಡುವ ಕೂಲಿಗೆ ಸೇರಿದರು. ಏಳು ವರ್ಷ ಗುಂಡಿ ತೋಡಿದ ಮೇಲೆ ಕಂಬ ಹತ್ತಲು ಬಿಟ್ಟರಂತೆ. ಮುಂದೆ ಲೈನ್‌ಮನ್ ಆದರು. ಹೆಂಡತಿ ದ್ಯಾವಮ್ಮ, ಮಗಳು ಸಂಘಮಿತ್ರಾ ಕ್ಯಾತನಹಳ್ಳಿಯಲ್ಲೇ. ಇವರು ವಾರವೆಲ್ಲ ಇಲ್ಲಿ ಒಂದು ಕೋಣೆಯಲ್ಲಿದ್ದು ಶನಿವಾರ ಊರಿಗೆ ಹೋಗಿ ಬರುತ್ತಿದ್ದರು. ತೊಂಬತ್ಮೂರರಲ್ಲಿ ನಮ್ಮೂರಿಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂದಾಗ, ಇನ್ನು ಮೇಲೆ ಕೀಬೋರ್ಡು ಒತ್ತಿ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಹೇಳಬೇಕು ಎಂದು ಮೇಲಿನ ಆಫೀಸಿನವರು ತಿಳಿಸಿದರು. ಆಗ ಇವರಿಗೆ ಐವತ್ಮೂರು. ಮಗಳು ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದುಕೊಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾ ಹೋಗುತ್ತಾ ಬೆರಳಾಡಿಸಿ ಕಲಿತರಂತೆ. ಪಕ್ಕದಲ್ಲಿ ಕೂತವರು ಇವರಿಗೆ ಏನೋ ಆಗಿದೆ ಎಂದು ಎದ್ದು ಬೇರೆ ಸೀಟಿಗೆ ಹೋದದ್ದೂ ಉಂಟಂತೆ.

ಈ ಸುತ್ತಿನ ಪ್ರತಿ ಮನೆಯ ಸೂರೂ ಅವರಿಗೆ ಗೊತ್ತಿತ್ತು. ಒಳಗು ಗೊತ್ತಿದ್ದ ಮನೆಗಳು ಕಡಿಮೆ. ಬಹಳ ಮನೆಗಳಲ್ಲಿ ಫೋನು ಕಿಟಕಿಯ ಪಕ್ಕ ಇದ್ದದ್ದು ಗಾಳಿ ಬೆಳಕಿಗೆಂದಲ್ಲ. ಚಲುವಯ್ಯನವರು ಹೊರಗೆ ಜಗಲಿಯಲ್ಲಿ ನಿಂತೇ ರಿಪೇರಿ ಮಾಡಿಕೊಂಡು ಹೋಗಲಿ ಎಂದು. ನಮ್ಮ ಮನೆಯದೂ ಹಾಗೇ. ಮೈಸೂರಿನಲ್ಲಿ ಓದಿದ ನನಗೆ ಅದು ಹೊಳೆಯಲು ಒಂದು ವರ್ಷ ಹಿಡಿಯಿತು.

ಇನ್ನು ನಂಬರಿನ ವಿಷಯ. ಹೊಸ ಯಂತ್ರ ಬಂದಾಗ ಊರಿನ ನೂರ ಎಂಬತ್ತು ಫೋನುಗಳಿಗೂ ಹೊಸ ನಂಬರು ಕೊಟ್ಟರು. ನಮ್ಮ ಕಡೆ ಜನ ನಂಬರು ಕೈಗೆ ಬಂದ ಕೂಡಲೇ ಅಂಕಿ ಕೂಡುತ್ತಾರೆ. ಕೂಡಿದರೆ ಒಂಬತ್ತು ಬರಬೇಕು. ಎಂಟಾಗಲಿ ಹದಿಮೂರಾಗಲಿ ಬರಬಾರದು. ಊರಾಚೆ ಬೆಲ್ಲದ ಆಲೆಮನೆ ಇಟ್ಟಿದ್ದ ಚೌಡಯ್ಯನವರಿಗೆ ೨೩೪೪ ಬಂತು. ಕೂಡಿದರೆ ಹದಿಮೂರು. ಅವರು ಎರಡು ದಿನ ಫೋನನ್ನು ಎತ್ತಲೇ ಇಲ್ಲ. ನಮ್ಮ ಮಾವನಿಗೆ ಬಂದದ್ದು ೨೩೩೧, ಒಂಬತ್ತು. ಮಾವನಿಗೆ ಯಾವುದಾದರೂ ಒಂದೇ. ಇಬ್ಬರೂ ಒಪ್ಪಿ ಚಲುವಯ್ಯನವರನ್ನು ಕೇಳಿದರು.

ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟಿದೆ. ಮನೆಗಳಿಂದ ಬಂದ ತಂತಿಗಳು ಅಲ್ಲಿ ಯಂತ್ರದ ತಂತಿಗಳಿಗೆ ಸೇರುತ್ತವೆ. ಎರಡು ತಂತಿ ಬಿಚ್ಚಿ ಅದಲುಬದಲು ಕಟ್ಟಿದರೆ ಎರಡು ಮನೆಯ ನಂಬರು ಅದಲುಬದಲು. ಐದು ನಿಮಿಷದ ಕೆಲಸ. ಕ್ರಮವಾಗಿ ಮಾಡುವುದಾದರೆ ಮೇಲಿನ ಆಫೀಸಿಗೆ ಬರೆದು ಒಪ್ಪಿಗೆ ಬರುವವರೆಗೆ ಕಾಯಬೇಕು, ಅದಕ್ಕೆ ಆರು ತಿಂಗಳು. ಚಲುವಯ್ಯನವರು ಐದು ನಿಮಿಷದ ದಾರಿ ಹಿಡಿದರು. ಸುದ್ದಿ ಹರಡಿತು. ಹತ್ತು ಜೋಡಿ ಮನೆಗಳು, ಜೊತೆಗೆ ಒಂದು ಕಡೆ ಒಬ್ಬರದು ಇನ್ನೊಬ್ಬರಿಗೆ, ಅವರದು ಮತ್ತೊಬ್ಬರಿಗೆ ಎಂದು ಮೂರು ಮನೆಗಳ ಸುತ್ತು, ಒಟ್ಟು ಇಪ್ಪತ್ತಮೂರು ಫೋನು ಹೀಗೆ ಬದಲಾದವು. ಯಾರಿಂದಲೂ ಒಂದು ಅಚ್ಚು ಬೆಲ್ಲಕ್ಕಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಮೇಲಿನ ಆಫೀಸಿನ ರಿಜಿಸ್ಟರಿನಲ್ಲಿ ಮಾತ್ರ ಹೆಸರುಗಳು ಹಳೆಯ ನಂಬರಿನ ಮುಂದೆಯೇ ಉಳಿದವು. ಹೆಸರು ತಪ್ಪಿ ಬಂದ ಕಾಗದಗಳನ್ನು ಅವರೇ ಸರಿಯಾದ ಮನೆಗೆ ಮುಟ್ಟಿಸುತ್ತಿದ್ದರಿಂದ ನಾಲ್ಕು ವರ್ಷ ಯಾರಿಗೂ ತೊಂದರೆ ಕಾಣಲಿಲ್ಲ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದೆಲ್ಲ ಮುಗಿದ ಕಥೆ. ನನಗೆ ಯಾರೂ ಹೇಳಿರಲಿಲ್ಲ.

ತೊಂಬತ್ತೇಳರ ನವೆಂಬರಿನಲ್ಲಿ ಹೊಸ ಆದೇಶ ಬಂತು. ನಮ್ಮೂರಿನಿಂದ ಹೊರಕ್ಕೆ ಹೋಗುವ ದಾರಿ ಎಂಟೇ ಇದ್ದವು. ಒಂದೇ ಸಲಕ್ಕೆ ಎಂಟು ಜನ ಹೊರಗೆ ಮಾತಾಡುತ್ತಿದ್ದರೆ ಒಂಬತ್ತನೆಯವರು ಕಾಯಬೇಕು. ಆದ್ದರಿಂದ ಫೋನುಗಳನ್ನು ಮೂರು ಗುಂಪು ಮಾಡುತ್ತಾರೆ ಎಂದರು. ಮೊದಲನೆಯದು ಊರೊಳಗೆ ಮಾತ್ರ. ಎರಡನೆಯದು ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದಂಥ ಸುತ್ತಲ ತಾಲ್ಲೂಕುಗಳಿಗೆ. ಮೂರನೆಯದು ಎಲ್ಲ ಕಡೆಗೂ. ಮೈಸೂರು ಬೇಕಾದವರು ಮೂರನೆಯದಕ್ಕೆ ಅರ್ಜಿ ಕೊಡಬೇಕು. ಕೊಡದವರೆಲ್ಲ ಮೊದಲನೆಯದಕ್ಕೆ.

ನಾನು ಅರ್ಜಿಯನ್ನು ಮೂರು ಸಲ ಬರೆದೆ. ಮೊದಲನೆಯದರಲ್ಲಿ ಅಕ್ಷರ ಚೆನ್ನಾಗಿಲ್ಲ ಅನ್ನಿಸಿತು, ಎರಡನೆಯದರ ಮೇಲೆ ಅಪ್ಪು ಉಗುಳಿದ. ಅರ್ಜಿಯಲ್ಲಿ ಫೋನು ಯಾರ ಹೆಸರಿನಲ್ಲಿದೆಯೋ ಅವರ ಹೆಸರು ಬರೆಯಬೇಕಿತ್ತು, ತಮ್ಮಯ್ಯ ಎಂದು ಬರೆದೆ. ನಂಬರಿನ ಜಾಗದಲ್ಲಿ ‘ಕಚೇರಿಯ ಉಪಯೋಗಕ್ಕೆ’ ಎಂದು ಅಚ್ಚಾಗಿತ್ತು. ಕೊಟ್ಟ ಮೇಲೂ ತಲುಪಿತೇ ಎಂದು ಎರಡು ಸಲ ಹೋಗಿ ಕೇಳಿದೆ. ಆಲೆಮನೆ ಚೌಡಯ್ಯನವರೂ ಅರ್ಜಿ ಕೊಟ್ಟರು, ಆದರೆ ಅವರದು ಉಲ್ಟಾ. ಬಿಸಿ ಬೆಲ್ಲ ತಿನ್ನಲು ಬಂದವರೆಲ್ಲ ಬೊಂಬಾಯಿಯ ನೆಂಟರಿಗೆ ಫೋನು ಹಚ್ಚುತ್ತಾರೆ, ದಯಮಾಡಿ ನನ್ನದನ್ನು ಊರೊಳಗೇ ಕಟ್ಟಿಹಾಕಿ ಎಂದು.

ಬದಲಾವಣೆಗೆ ಒಂದು ಭಾನುವಾರ ಗೊತ್ತಾಯಿತು. ಅವತ್ತು ಯಜಮಾನರು ನಾಗಮಂಗಲಕ್ಕೆ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಅಪ್ಪುವಿನ ಮೈ ಬೆಚ್ಚಗಾಯಿತು. ಒಂಬತ್ತೂವರೆಗೆ ತೊಂಬತ್ತೊಂಬತ್ತು. ನಾನು ಎರಡು ನಿಮಿಷಕ್ಕೊಮ್ಮೆ ಫೋನೆತ್ತಿ ನೋಡತೊಡಗಿದೆ. ಹತ್ತೂಕಾಲಿಗೆ ಥರ್ಮಾಮೀಟರು ನೂರ ಒಂದು ತೋರಿಸಿತು. ಮೈಸೂರಿಗೆ ಒತ್ತಿದೆ. ಬೀಪ್ ಬೀಪ್ ಎಂದು ಬಡಿದುಕೊಂಡಿತು. ಐದು ಸಲ ಒತ್ತಿದೆ, ಐದು ಸಲವೂ ಅದೇ. ಮಗುವನ್ನು ಎತ್ತಿಕೊಂಡು ಎಕ್ಸ್‌ಚೇಂಜಿಗೆ ಹೊರಟೆ. ಬಿಸಿಲಲ್ಲಿ ಓಡಬೇಡ ಎಂದು ಕೂಗುತ್ತಾ ಅತ್ತೆಯೂ ಹಿಂದೆಯೇ ಬಂದರು.

ಅಲ್ಲಿ ಮೇಲಿನ ಆಫೀಸಿನ ಕಿರಿಯ ಇಂಜಿನಿಯರ್ ಧರ್ಮೇಂದ್ರ ಕಂಪ್ಯೂಟರಿನ ಮುಂದೆ ಕೂತಿದ್ದರು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಪಾಂಡವಪುರದ ಕಡೆಯವರು. ಪಕ್ಕದಲ್ಲಿ ನೂರ ಎಂಬತ್ತು ಸಾಲಿನ ಉದ್ದದ ಪಟ್ಟಿ, ಅಂಚಿಗೆ ತೂತುಗಳಿರುವ ಕಾಗದದಲ್ಲಿ. ಅವರು ಮಾಡಿಕೊಂಡು ಬಂದದ್ದು ಇದು: ಪಟ್ಟಿಯ ಒಂದೊಂದು ಸಾಲೂ ಒಂದೊಂದು ಫೋನು, ಸಾಲಿನ ಕೊನೆಗೆ ಒಂದು, ಎರಡು ಅಥವಾ ಮೂರು, ಅದು ಗುಂಪು. ಪಟ್ಟಿಯನ್ನೆಲ್ಲ ಫ್ಲಾಪಿಯಲ್ಲಿ ತಂದಿದ್ದರು. ಒಂದು ಸಲ ಯಂತ್ರಕ್ಕೆ ಹಾಕಿ ಒತ್ತಿದರೆ ಊರಿನ ಫೋನುಗಳೆಲ್ಲ ತಮ್ಮ ತಮ್ಮ ಗುಂಪಿಗೆ ಹೋಗುತ್ತವೆ. ಅದಕ್ಕೆ ಮೊದಲು ಒಂದು ಫೋನಿನ ಮೇಲೆ ಪರೀಕ್ಷೆ ಮಾಡೋಣ ಎಂದುಕೊಂಡರು. ಬೆಳಿಗ್ಗೆಯಿಂದ ೨೩೪೪ನ್ನು ಯಾರೋ ಎತ್ತುವುದು ಇಡುವುದು ಮಾಡುತ್ತಿರುವುದು ತೆರೆಯ ಮೇಲೆ ಕಾಣುತ್ತಿತ್ತು. ಪಟ್ಟಿಯಲ್ಲಿ ಅದು ಆಲೆಮನೆ ಚೌಡಯ್ಯ, ಹೊರಗಿನ ಕರೆ ಮುಚ್ಚಬೇಕಾದ ಫೋನು. ಇದನ್ನೇ ಮೊದಲು ಮುಚ್ಚೋಣ ಎಂದು ಮುಚ್ಚಿದ್ದರು.

ನಮ್ಮ ಫೋನು ಮೈಸೂರಿಗೆ ಹೋಗುತ್ತಿಲ್ಲ ಎಂದೆ. ಅವರು ಪಟ್ಟಿಯಲ್ಲಿ ಬೆರಳಾಡಿಸಿ, ತಮ್ಮಯ್ಯ, ೨೩೩೧, ಮೂರನೇ ಗುಂಪು, ನಿಮ್ಮದನ್ನು ಮುಟ್ಟೇ ಇಲ್ಲ ಮೇಡಂ ಎಂದರು.

“೨೩೩೧ ನಮ್ಮದಲ್ಲ. ನಮ್ಮದು ೨೩೪೪.”

“೨೩೪೪ ಆಲೆಮನೇದು, ಮೇಡಂ.”

ಚಲುವಯ್ಯನವರು ಕಬ್ಬಿಣದ ಚೌಕಟ್ಟಿನ ಬಳಿ ನಿಂತಿದ್ದರು. ಅವರು ಆ ಪಟ್ಟಿಯನ್ನು ನೋಡಿದ್ದು ಅವತ್ತೇ ಬೆಳಿಗ್ಗೆ, ಊರಿನಿಂದ ಬಂದ ಮೇಲೆ. ನೋಡಿದ ಕೂಡಲೇ ತಿಳಿದಿತ್ತು. ಅರ್ಧ ಗಂಟೆ ಮಾತಾಡದೆ ನಿಂತಿದ್ದರು. ಮುಂದಿನ ಮಾರ್ಚಿಗೆ ನಿವೃತ್ತಿ. ನನಗೂ ಒಂದು ಗಳಿಗೆ ಬಾಯಿ ಬರಲಿಲ್ಲ ಕಣವ್ವ ಎಂದು ಆಮೇಲೆ ಅವರೇ ಹೇಳಿದರು. ಈಗ ಮುಂದೆ ಬಂದರು.

“ಸಾ, ತಪ್ಪು ನಿಮ್ ಪಟ್ಟೀದಲ್ಲ, ನಂದು. ೨೩೪೪ ಈ ಅವ್ವಾರ್ ಮನೇದೆಯ. ತಂತಿ ಬದ್ಲಾಯ್ಸಿದ್ದು ನಾನೇಯ. ಮೊದ್ಲು ಮಗೀಗೆ ಡಾಕ್ಟ್ರು ಸಿಕ್ಲಿ, ಆಮ್ಯಾಕೆ ನನ್ನ ಏನಾರ ಕೇಳಿ.”

ಧರ್ಮೇಂದ್ರ ಅಪ್ಪುವಿನ ಮುಖ ನೋಡಿ ಕುರ್ಚಿ ಸರಿಸಿ ದಾರಿ ಬಿಟ್ಟರು. ಎಕ್ಸ್‌ಚೇಂಜಿನದೇ ಒಂದು ಫೋನಿತ್ತು. ಚಲುವಯ್ಯನವರು ಅದನ್ನು ನನ್ನ ಮುಂದಿಟ್ಟರು. ಗಾಬರಿಯಲ್ಲಿ ಎರಡು ಸಲ ತಪ್ಪು ಅಂಕಿ ಒತ್ತಿದೆ. ಮೂರನೇ ಸಲ ನಾನು ನಂಬರು ಹೇಳಿದೆ, ಅವರು ಒತ್ತಿದರು. ಡಾಕ್ಟರು ಸಿಕ್ಕರು. ಕೊಟ್ಟಿರುವ ಔಷಧಿ ಹನಿ ಹಾಕಿ, ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿರಿ, ಗಂಟೆಗೊಮ್ಮೆ ನನಗೆ ತಿಳಿಸಿ, ಸೆಳವು ಬಂದರೆ ಆ ಕ್ಷಣವೇ ಫೋನು ಮಾಡಿ ಎಂದರು. ಔಷಧಿಯ ಸೀಸೆ ನನ್ನ ಸೆರಗಿನ ಗಂಟಿನಲ್ಲೇ ಇತ್ತು.

ಹೊರಗಿನ ಕೋಣೆಯಲ್ಲಿದ್ದ ಬೆಂಚಿನ ಮೇಲೆ ಅಪ್ಪುವನ್ನು ಮಲಗಿಸಿದೆ. ಚಲುವಯ್ಯನವರು ತಮ್ಮ ಕುಡಿಯುವ ನೀರಿನ ಮಡಕೆಯನ್ನು ತಂದು ಬೆಂಚಿನ ಪಕ್ಕ ಇಟ್ಟರು. ಒಗೆದ ಟವಲೊಂದನ್ನು ಹೊರತೆಗೆದರು. ಆಮೇಲೆ ಮಡಕೆಯನ್ನು ಮುಟ್ಟದೆ ನಿಂತರು. ಅತ್ತೆ ಬಾಗಿಲಲ್ಲಿ ಇದ್ದರು. ಆ ಮಡಕೆ ಯಾರದೆಂದು ಅವರಿಗೆ ಗೊತ್ತಿತ್ತು. ಎಷ್ಟು ಹೊತ್ತು ಎಂದು ಹೇಳಲಾರೆ, ಬಹುಶಃ ಎರಡು ಉಸಿರಿನಷ್ಟು. ಚಪ್ಪಲಿ ಬಿಟ್ಟು ಒಳಗೆ ಬಂದರು. “ತತ್ತಾ ಚಲುವಯ್ಯ, ನೀನು ನೀರ್ ಉಯ್ಯಿ, ನಾನ್ ಒರುಸ್ತೀನಿ” ಎಂದು ಟವಲಿಗೆ ಕೈಚಾಚಿದರು. ಹನ್ನೊಂದೂವರೆ ಹೊತ್ತಿಗೆ ಜ್ವರ ನೂರಕ್ಕೆ ಇಳಿಯಿತು. ಅಪ್ಪು ನಿದ್ದೆ ಹೋದ.

ಅಷ್ಟರಲ್ಲಿ ಒಳಗೆ ಧರ್ಮೇಂದ್ರ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಇಪ್ಪತ್ತಮೂರು ಫೋನಿನ ವಿಷಯವೂ ಹೊರಬಿದ್ದಿತ್ತು. ಅವರು ಕೆಟ್ಟವರಲ್ಲ. ಸುಲಭವಾದ ದಾರಿಯನ್ನೂ ಅವರೇ ಹೇಳಿದರು: ಚೌಕಟ್ಟಿನಲ್ಲಿ ತಂತಿಗಳನ್ನು ರಿಜಿಸ್ಟರಿನಲ್ಲಿ ಇದ್ದ ಹಾಗೆಯೇ ತಿರುಗಿ ಕಟ್ಟಿಬಿಡಿ ಚಲುವಯ್ಯನವರೇ, ಅರ್ಧ ಗಂಟೆ. ಆಗ ಪಟ್ಟಿ ಸರಿಹೋಗುತ್ತದೆ, ಯಾರೂ ಏನೂ ಬರೆಯಬೇಕಾಗಿಲ್ಲ, ನಿಮ್ಮ ಪಿಂಚಣಿಗೂ ತೊಂದರೆಯಿಲ್ಲ.

ಮೈಸೂರಿನ ಡಾಕ್ಟರ ಪುಸ್ತಕದಲ್ಲಿ ಇದ್ದದ್ದು ೨೩೪೪. ಯಜಮಾನರ ಆಫೀಸಿನಲ್ಲಿ, ನನ್ನ ತವರಿನಲ್ಲಿ, ಎಲ್ಲ ಕಡೆ ಅದೇ. ಆದರೆ ಒಬ್ಬರ ನೌಕರಿಯ ಎದುರು ಅದನ್ನು ಹೇಳುವುದು ಹೇಗೆ? ಚಲುವಯ್ಯನವರೇ ಹೇಳಿದರು.

“ಬ್ಯಾಡ ಸಾ. ಡಾಕ್ಟ್ರು ಇವ್ರುಗೆ ತಿರುಗ್ಸಿ ಮಾಡುದ್ರೆ ಆಲೆಮನೇಲಿ ಒಡ್ಕತದೆ. ಅಲ್ಲಿ ಯಾರ್ ಎತ್ತರು? ನಾಕ್ ವರ್ಸದಿಂದ ಜನ ಆ ನಂಬ್ರೇ ನಂಬ್ಕಂಡವ್ರೆ. ತಿದ್ದದಾದ್ರೆ ಪಟ್ಟಿ ತಿದ್ದುಮ.”

ಸುದ್ದಿ ತಿಳಿದು ಚೌಡಯ್ಯನವರು ಮೋಪೆಡ್ಡಿನಲ್ಲಿ ಬಂದಿಳಿದರು. ನನ್ನ ಒಂಬತ್ತಕ್ಕೆ ಕೈ ಹಾಕುವುದಾದರೆ ಫೋನನ್ನೇ ಕಿತ್ತುಕೊಂಡು ಹೋಗಿ ಎಂದು ಬಾಗಿಲಲ್ಲೇ ನಿಂತು ಹೇಳಿದರು. ಅತ್ತೆ ಮಗುವಿನ ಪಕ್ಕದಿಂದಲೇ, “ಕೂಗಬ್ಯಾಡ ಕಣ್ಲಾ ಚೌಡ, ಮಗ ಮನೀಕಂಡದೆ. ನಿನ್ ಒಂಬತ್ತು ಎಲ್ಲಿಗೂ ಓಗಕ್ಕಿಲ್ಲ” ಎಂದು ಸುಮ್ಮನಾಗಿಸಿದರು.

ಪಟ್ಟಿ ತಿದ್ದುವುದು ಹೇಗೆ? ಯಾವ ನಂಬರು ಯಾವ ಮನೆಯದು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದದ್ದು ಚಲುವಯ್ಯನವರ ತಲೆಯಲ್ಲಿ, ಅದೂ ನಂಬರಿನ ಕ್ರಮದಲ್ಲಲ್ಲ, ಕಂಬದ ಕ್ರಮದಲ್ಲಿ. ಅವರು ಕಣ್ಣುಮುಚ್ಚಿ ಬಸ್ ನಿಲ್ದಾಣದಿಂದ ಹೊರಟರು. ಮೊದಲನೇ ಕಂಬ, ಎಡಗಡೆ ನರಸಯ್ಯನ ಅಂಗಡಿ, ನಂಬರು ಇಷ್ಟು. ಎರಡನೇ ಕಂಬ, ಹುಣಸೇಮರ ದಾಟಿ ಮೇಷ್ಟರ ಮನೆ, ಇಷ್ಟು. ಧರ್ಮೇಂದ್ರ ಪಟ್ಟಿಯಲ್ಲಿ ಹುಡುಕಿ ಕಂಪ್ಯೂಟರಿನಲ್ಲಿ ತಿದ್ದಬೇಕು, ಒಬ್ಬರಿಂದ ಆಗುತ್ತಿರಲಿಲ್ಲ. ಮದುವೆಗೆ ಮೊದಲು ಆರು ತಿಂಗಳು ಕಂಪ್ಯೂಟರ್ ತರಗತಿಗೆ ಹೋಗಿದ್ದೆ ಎಂದು ಹೇಳಿ ನಾನು ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಅವರು ಹೇಳಿದ್ದನ್ನು ನಾನು ಗುರುತು ಹಾಕಿ ಓದುವುದು, ಧರ್ಮೇಂದ್ರ ಹೆಸರನ್ನೂ ಕೊನೆಯ ಅಂಕಿಯನ್ನೂ ಬದಲಿಸುವುದು. ಗಂಟೆಗೊಮ್ಮೆ ಎದ್ದು ಡಾಕ್ಟರಿಗೆ ಫೋನು ಮಾಡಿ ಬರುತ್ತಿದ್ದೆ.

ನನಗೆ ಯಾವುದನ್ನೂ ಒಂದೇ ಸಲ ನೋಡಿ ಬಿಡಲು ಆಗುವುದಿಲ್ಲ. ಬೀಗ ಹಾಕಿದರೂ ಎರಡು ಸಲ ಎಳೆದು ನೋಡುವವಳು. ಪಟ್ಟಿ ಮುಗಿದ ಮೇಲೂ ಮತ್ತೊಮ್ಮೆ ಮೊದಲಿನಿಂದ ಓದಿದೆ. ಒಂದು ನಂಬರಿನ ಮುಂದೆ ಎರಡು ಮನೆ ಇದ್ದವು, ಇನ್ನೊಂದರ ಮುಂದೆ ಯಾರೂ ಇರಲಿಲ್ಲ. ಮೂರು ಮನೆಗಳ ಸುತ್ತಿನಲ್ಲಿ ಚಲುವಯ್ಯನವರು ಜವರಯ್ಯನವರ ಮನೆಯನ್ನು ಮರೆತಿದ್ದರು. ಹಾಗೇ ಬಿಟ್ಟಿದ್ದರೆ ಅವರ ಫೋನು ಮುಚ್ಚಿಹೋಗುತ್ತಿತ್ತು. ತೋರಿಸಿದೆ. ಚಲುವಯ್ಯನವರು ಹಣೆ ಒತ್ತಿಕೊಂಡರು. “ನಿಮ್ ಎದ್ರುಕೆ ಇವತ್ ಒಂದ್ ಮನೆ ಉಳುಸ್ತು ಬುಡಿ.” ನನ್ನ ಹೆದರಿಕೆಯಿಂದ ಯಾರಿಗಾದರೂ ಉಪಕಾರವಾದೀತೆಂದು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಮೂರೂವರೆಗೆ ಧರ್ಮೇಂದ್ರ ಹಳೆಯದರ ನಕಲನ್ನು ಇನ್ನೊಂದು ಫ್ಲಾಪಿಗೆ ಇಳಿಸಿಕೊಂಡು, ತಿದ್ದಿದ ಪಟ್ಟಿಯನ್ನು ಹಾಕಿ ಒತ್ತಿದರು. ತೆರೆಯ ಮೇಲೆ ನೂರ ಎಂಬತ್ತು ಸಾಲು ಸರಸರನೆ ಮೇಲಕ್ಕೆ ಹೋದವು. ಆಮೇಲೆ ಇಪ್ಪತ್ತಮೂರು ಮನೆಗಳಿಗೂ ಒಂದೊಂದಾಗಿ ಫೋನು ಮಾಡಿ ನೋಡಿದರು. ನಾನು ಅಪ್ಪುವನ್ನೆತ್ತಿಕೊಂಡು ಮನೆಗೆ ಹೋಗಿ ಮೈಸೂರಿಗೆ ಒತ್ತಿದೆ. ಡಾಕ್ಟರು, ಈಗೇನಮ್ಮ ಎಂದರು. ಏನಿಲ್ಲ ಸಾರ್, ಸಿಗುತ್ತೀರೋ ಇಲ್ಲವೋ ಎಂದು ನೋಡಿದೆ ಎಂದೆ. ಅವರಿಗೆ ಏನನ್ನಿಸಿತೋ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಯಂತ್ರದಲ್ಲಿ ತಿದ್ದಿದ್ದಾಯಿತು, ಮೇಲಿನ ಆಫೀಸಿನ ರಿಜಿಸ್ಟರಿನಲ್ಲಿ ಇನ್ನೂ ಹಳೆಯದೇ. ಜನವರಿಯಲ್ಲಿ ಅಲ್ಲಿಂದ ಮತ್ತೆ ಪಟ್ಟಿ ಬರುತ್ತದೆ, ಅಷ್ಟರೊಳಗೆ ರಿಜಿಸ್ಟರು ಸರಿಹೋಗದಿದ್ದರೆ ೨೩೪೪ ಮತ್ತೆ ಮುಚ್ಚುತ್ತದೆ ಎಂದು ಧರ್ಮೇಂದ್ರ ಹೋಗುವಾಗ ಹೇಳಿದರು. ರಿಜಿಸ್ಟರು ತಿದ್ದಬೇಕಾದರೆ ಬದಲಾಯಿಸಿದವರು ಬರೆದುಕೊಡಬೇಕು.

ಮರುದಿನ ಚಲುವಯ್ಯನವರು ಬಂದು ಜಗಲಿಯಲ್ಲಿ ನಿಂತು, ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದುಕೊಡಬೇಕು ಎಂದರು. ಅತ್ತೆ ಒಳಗಿನಿಂದ, ಬಗ್ಗಿ ಬರೆಯುವುದಕ್ಕೆ ಜಗಲಿಯಲ್ಲಿ ಏನಿದೆ, ಒಳಗೆ ಮೇಜಿದೆ ಎಂದರು. ಅವರು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ನಾವೆಲ್ಲ ಕುಡಿಯುವ ಲೋಟದಲ್ಲೇ ಬಂತು.

ಅವರನ್ನು ಉಳಿಸಬೇಕೆಂದು ನಾನು ಕಾಗದವನ್ನು ಮೆತ್ತಗೆ ಬರೆದೆ. ಹೊಸ ಯಂತ್ರ ಬಂದ ಗಡಿಬಿಡಿಯಲ್ಲಿ, ಗಮನ ತಪ್ಪಿ, ಕೆಲವು ತಂತಿಗಳು ಅದಲುಬದಲಾದವು ಎಂದು. ಓದಿ ಅರ್ಥ ಹೇಳಿದೆ. ಅವರು ತಲೆಯಾಡಿಸಿದರು.

“ಗಮನ ಇಟ್ಟೇ ಮಾಡಿದ್ದು ಕಣವ್ವ. ತಪ್ಪಿ ಮಾಡ್ದೆ ಅಂತ ಬರುದ್ರೆ, ನಾಳೀಕೆ ಇಪ್ಪತ್ಮೂರೂ ಸರಿಯಾಗ್ ಗೊತ್ತು ಅಂದ್ರೆ ಯಾರ್ ನಂಬ್ತಾರೆ? ತಪ್ಪಿ ಮಾಡ್ದೋನ್ ಲೆಕ್ಕ ಯಾರೂ ತಕ್ಕಳಕ್ಕಿಲ್ಲ. ಬೇಕೂಂತ್ಲೇ ಮಾಡ್ದೆ ಅಂತ ಬರೀರಿ. ಆಗ ಪಟ್ಟಿ ನಿಲ್ತದೆ.”

ಹಾಗೇ ಬರೆದೆ. ಯಾವ ವರ್ಷ, ಯಾರು ಕೇಳಿದರು, ಯಾವ ತಂತಿ ಯಾವುದಕ್ಕೆ, ಇಪ್ಪತ್ತಮೂರು ಸಾಲು. ಕೊನೆಯಲ್ಲಿ, ಇದು ನಿಯಮಕ್ಕೆ ವಿರುದ್ಧವೆಂದು ನನಗೆ ತಿಳಿದಿತ್ತು ಎಂಬ ವಾಕ್ಯವನ್ನು ಅವರೇ ಹೇಳಿ ಬರೆಸಿದರು. ಸಹಿ ಹಾಕಿ, ಕಾಗದ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು.

ಡಿಸೆಂಬರಿನಲ್ಲಿ ಅವರಿಗೆ ಮೆಮೊ ಬಂತು. ನಿವೃತ್ತಿಗೆ ಮೊದಲು ಬರಬೇಕಿದ್ದ ಬಡ್ತಿಯನ್ನು ತಡೆಹಿಡಿದರು. ಪಿಂಚಣಿಯನ್ನು ಮುಟ್ಟಲಿಲ್ಲ, ಧರ್ಮೇಂದ್ರ ಅಲ್ಲಿ ಅವರ ಪರವಾಗಿ ಮಾತಾಡಿದರಂತೆ. ನನ್ನಿಂದ ಹೀಗಾಯಿತು ಎಂದು ನಾನು ಅತ್ತೆಯ ಹತ್ತಿರ ಎಷ್ಟು ದಿನ ಹಲುಬಿದೆನೋ. ಚಲುವಯ್ಯನವರು ಸಿಕ್ಕಾಗ ಹೇಳಲು ಹೋದರೆ, ಗುಂಡಿ ತೋಡುವವನಾಗಿ ಬಂದೆ, ಲೈನ್‌ಮನ್ ಆಗಿ ಹೋಗುತ್ತೇನೆ, ಇನ್ನೇನು ಬೇಕು ಎಂದು ಮಾತು ತಿರುಗಿಸಿಬಿಟ್ಟರು.

ಜನವರಿಯ ಪಟ್ಟಿ ಬಂದಾಗ ೨೩೪೪ರ ಮುಂದೆ ತಮ್ಮಯ್ಯ ಎಂದೇ ಇತ್ತು, ಕೊನೆಗೆ ಮೂರು ಎಂದಿತ್ತು. ತಿದ್ದಿದ ಇಪ್ಪತ್ತಮೂರು ಸಾಲುಗಳ ಪಕ್ಕದಲ್ಲೂ ‘ಚಲುವಯ್ಯ, ಲೈನ್‌ಮನ್, ಇವರ ಹೇಳಿಕೆಯ ಮೇರೆಗೆ’ ಎಂದು ಅಚ್ಚಾಗಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಅಪ್ಪುವಿಗೆ ಎರಡನೇ ಸಲ ಸೆಳವು ಬಂತು. ಒತ್ತಿದ ಕೂಡಲೇ ಮೈಸೂರು ಸಿಕ್ಕಿತು. ಮಗುವನ್ನು ಪಕ್ಕಕ್ಕೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡುತ್ತಾ ನನಗೆ ಹೇಳುತ್ತಿರಿ ಎಂದರು ಡಾಕ್ಟರು. ಅತ್ತೆ ಮಗುವನ್ನು ಹಿಡಿದಿದ್ದರು, ನಾನು ಸೆಕೆಂಡು ಎಣಿಸಿ ಹೇಳುತ್ತಿದ್ದೆ. ಒಂದು ನಿಮಿಷ ಐವತ್ತು ಸೆಕೆಂಡಿಗೆ ಅಪ್ಪು ಸಡಿಲವಾದ, ಆಮೇಲೆ ಅತ್ತ. ಅವನು ಅತ್ತು ಮಲಗುವವರೆಗೂ ಡಾಕ್ಟರು ಫೋನು ಇಡಲಿಲ್ಲ. ಮೊದಲ ಸಲ ನನಗೆ ಕೊನೆಯಿಲ್ಲದ ಹಾಗೆ ಕಂಡದ್ದು ಈ ಸಲ ಒಂದು ನಿಮಿಷ ಐವತ್ತು ಸೆಕೆಂಡು ಮಾತ್ರ ಆಗಿತ್ತು.

ಮಾರನೇ ದಿನ ಚಲುವಯ್ಯನವರಿಗೆ ಹೇಳಬೇಕೆಂದು ಹೊರಟೆ. ಅವರು ನರಸಯ್ಯನ ಅಂಗಡಿಯ ಎದುರು ಏಣಿಯ ಮೇಲಿದ್ದರು, ಬಾಯಲ್ಲಿ ಇಕ್ಕಳ, ಎರಡು ಕೈಯಲ್ಲೂ ತಂತಿ. ಕೆಳಗೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಇಕ್ಕಳವನ್ನು ಬಾಯಿಂದ ತೆಗೆದು ಕೇಳಿದರು.

“ಈಗ ಮಗ ಎಂಗವ್ನೆ?”

“ಚೆನ್ನಾಗಿದಾನೆ. ಆಡ್ತಿದಾನೆ.”

“ಅಷ್ಟಾದ್ರೆ ಸಾಕು” ಎಂದು ಮತ್ತೆ ತಂತಿಯ ಕಡೆ ತಿರುಗಿದರು. ಏಣಿಯ ಮೇಲಿರುವವರಿಗೆ ಕೆಳಗಿನಿಂದ ಕೂಗಿ ಕೃತಜ್ಞತೆ ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮಾರ್ಚಿಗೆ ಅವರು ಕ್ಯಾತನಹಳ್ಳಿಗೆ ಹೊರಟುಹೋದರು. ಅದಕ್ಕೇ ಇದನ್ನು ಬರೆದೆ.